ಪಟ್ಟಿ ಯಾರ ಕೈಯಲ್ಲಿರಬೇಕು?

ಮಕ್ಕಳ ಮೇಲಿನ ಅತ್ಯಾಚಾರದ ಸುದ್ದಿ ಬಂದಾಗಲೆಲ್ಲ ಒಂದು ಬೇಡಿಕೆ ಕೇಳಿಬರುತ್ತದೆ: ಅಮೆರಿಕದಲ್ಲಿರುವಂತೆ ಲೈಂಗಿಕ ಅಪರಾಧಿಗಳ ಹೆಸರು, ಭಾವಚಿತ್ರ, ವಿಳಾಸಗಳನ್ನು ಇಲ್ಲಿಯೂ ಬಹಿರಂಗಪಡಿಸಬೇಕು. ಇದರ ಹಿಂದಿನ ಆಕ್ರೋಶ ನ್ಯಾಯವಾದದ್ದೇ. ಆದರೆ ಅಮೆರಿಕದ ಮೂರು ದಶಕಗಳ ಅನುಭವವನ್ನು ಪರಿಶೀಲಿಸದೆ ಆ ವ್ಯವಸ್ಥೆಯನ್ನು ಅನುಕರಿಸುವುದು ವಿವೇಕವಾಗಲಾರದು.

1994ರಲ್ಲಿ ನ್ಯೂಜೆರ್ಸಿಯ ಏಳು ವರ್ಷದ ಬಾಲಕಿ ಮೇಗನ್ ಕಾಂಕಾಳನ್ನು ಎದುರು ಮನೆಯಲ್ಲಿದ್ದವನೇ ಅತ್ಯಾಚಾರವೆಸಗಿ ಕೊಂದ. ಆತ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕಾಗಿ ಹಿಂದೆಯೇ ಶಿಕ್ಷೆಗೊಳಗಾಗಿದ್ದವನೆಂಬುದು ಬಾಲಕಿಯ ತಂದೆತಾಯಿಗೆ ತಿಳಿದಿರಲಿಲ್ಲ. 1996ರಲ್ಲಿ ಆಕೆಯ ಹೆಸರಿನಲ್ಲಿ ಬಂದ ರಾಷ್ಟ್ರೀಯ ಕಾನೂನು, ಇಂಥವರ ಮಾಹಿತಿಯನ್ನು ಜನರಿಗೆ ನೀಡುವ ಹೊಣೆಯನ್ನು ರಾಜ್ಯಗಳಿಗೆ ವಹಿಸಿತು. 2006ರ ಆಡಂ ವಾಲ್ಷ್ ಕಾಯ್ದೆ ಅಪರಾಧಿಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿತು: ಮೊದಲನೆಯದಕ್ಕೆ 15 ವರ್ಷ, ಎರಡನೆಯದಕ್ಕೆ 25 ವರ್ಷ, ಮೂರನೆಯದಕ್ಕೆ ಜೀವನಪರ್ಯಂತ ನೋಂದಣಿ.

ಈ ಶ್ರೇಣಿಗಳು ನಿರ್ಧಾರವಾಗುವುದು ಮುಖ್ಯವಾಗಿ ಯಾವ ಅಪರಾಧಕ್ಕೆ ಶಿಕ್ಷೆಯಾಯಿತು ಎಂಬುದರ ಮೇಲೆ. ಆ ವ್ಯಕ್ತಿ ಮತ್ತೆ ಅಪರಾಧವೆಸಗುವ ಸಂಭವವೆಷ್ಟು ಎಂಬುದರ ಮೇಲಲ್ಲ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಮುಂತಾದ ರಾಜ್ಯಗಳು ಒಬ್ಬೊಬ್ಬರ ಹಿನ್ನೆಲೆಯನ್ನೂ ಪರಿಶೀಲಿಸಿ ಅಪಾಯದ ಮಟ್ಟವನ್ನು ಗೊತ್ತುಪಡಿಸುತ್ತವೆ. ಅತಿ ಕಡಿಮೆ ಅಪಾಯದವರ ವಿವರಗಳನ್ನು ಅಂತರ್ಜಾಲದ ಸಾರ್ವಜನಿಕ ಪಟ್ಟಿಗೆ ಸೇರಿಸುವುದಿಲ್ಲ. ಈ ಅಳತೆಗೋಲೂ ದೋಷಮುಕ್ತವಲ್ಲ. ವಿಮೆಯ ಲೆಕ್ಕಾಚಾರದಂತೆ ಅದು ಒಂದು ಗುಂಪಿನ ಸಂಭವನೀಯತೆಯನ್ನು ಹೇಳಬಲ್ಲದೇ ಹೊರತು ಒಬ್ಬ ವ್ಯಕ್ತಿಯ ಭವಿಷ್ಯವನ್ನಲ್ಲ.

ಪಟ್ಟಿಯ ಪ್ರಕಟಣೆಯಿಂದ ಅಪರಾಧ ತಗ್ಗಿತೇ? ಪ್ರೆಸ್ಕಾಟ್ ಮತ್ತು ರಾಕಾಫ್ ಎಂಬ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೊಲೀಸರ ಬಳಿ ನೋಂದಣಿ ಇರುವುದರಿಂದ ಪ್ರಯೋಜನವುಂಟು. ಬಹಿರಂಗ ಪ್ರಕಟಣೆ ಹೊಸಬರನ್ನು ಹೆದರಿಸಬಹುದಾದರೂ, ಈಗಾಗಲೇ ಪಟ್ಟಿಯಲ್ಲಿರುವವರು ಮತ್ತೆ ಅಪರಾಧಕ್ಕಿಳಿಯುವ ಸಾಧ್ಯತೆಯನ್ನು ಹೆಚ್ಚಿಸಬಹುದು. ಕೆಲಸ, ಮನೆ, ನೆರೆಹೊರೆ ಎಲ್ಲವನ್ನೂ ಕಳೆದುಕೊಂಡವನಿಗೆ ಮತ್ತೆ ಸೆರೆಮನೆ ಸೇರುವ ಭಯವೇನು? ಬ್ರಿಟನ್ 1997ರ ಕಾಯ್ದೆಯಡಿ ರೂಪಿಸಿದ ಪಟ್ಟಿಯನ್ನು ಸಾರ್ವಜನಿಕಗೊಳಿಸಿಲ್ಲ. ತಮ್ಮ ಮಗುವಿನ ಸಂಪರ್ಕದಲ್ಲಿರುವ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಪೋಷಕರು ಪೊಲೀಸರಲ್ಲಿ ವಿಚಾರಿಸುವ ವ್ಯವಸ್ಥೆ 2011ರ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಾದ್ಯಂತ ಜಾರಿಗೆ ಬಂತು.

ಭಾರತವೂ 2018ರ ಸೆಪ್ಟೆಂಬರ್ 20ರಂದು ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶವನ್ನು ಆರಂಭಿಸಿತು. ಆಗಲೇ ಅದರಲ್ಲಿ 4.4 ಲಕ್ಷಕ್ಕೂ ಹೆಚ್ಚು ನಮೂದುಗಳಿದ್ದವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನಿರ್ವಹಿಸುವ ಈ ಕೋಶವನ್ನು ತನಿಖಾ ಸಂಸ್ಥೆಗಳ ಬಳಕೆಗೆ ಮೀಸಲಿಟ್ಟಿದ್ದು ಸರಿಯಾದ ನಿರ್ಧಾರ. ಅಪಾಯದ ಮಟ್ಟಕ್ಕನುಗುಣವಾಗಿ ವಿವರಗಳನ್ನು 15 ವರ್ಷ, 25 ವರ್ಷ ಅಥವಾ ಜೀವನಪರ್ಯಂತ ಇರಿಸಲಾಗುವುದೆಂದು ಆಗ ವರದಿಯಾಗಿತ್ತು. ಅಮೆರಿಕದ ಅಂಕಿಗಳನ್ನೇ ನೆನಪಿಸುವ ಈ ವಿಂಗಡಣೆಯಲ್ಲಿ ಅಪಾಯವನ್ನು ಅಳೆಯುವವರು ಯಾರು, ತಪ್ಪಾದರೆ ಮೇಲ್ಮನವಿ ಎಲ್ಲಿ ಎಂಬುದು ಸ್ಪಷ್ಟವಾಗಿರಬೇಕು. ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಗೊತ್ತು: ಪಟ್ಟಿಗೆ ಹೆಸರು ಸೇರಿಸುವುದು ಸುಲಭ, ತಪ್ಪಾಗಿ ಸೇರಿದ ಹೆಸರನ್ನು ತೆಗೆಸುವುದು ಬಹಳ ಕಷ್ಟ.

ಅದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಬ್ಯೂರೊದ ವರದಿಗಳ ಪ್ರಕಾರ ಶೇ 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಸಂತ್ರಸ್ತರಿಗೆ ಪರಿಚಿತನೇ. ತಂದೆಯದೋ ಸೋದರಮಾವನದೋ ಹೆಸರನ್ನು ವಿಳಾಸಸಹಿತ ಪ್ರಕಟಿಸಿದರೆ ಮಗುವಿನ ಗುರುತೂ ಬಯಲಾಗುತ್ತದೆ. ಆ ಭಯಕ್ಕೆ ಕುಟುಂಬಗಳು ದೂರನ್ನೇ ಕೊಡದಿರಬಹುದು. ಇನ್ನು ಗುಂಪಿನ ನ್ಯಾಯದ ಮಾತು: 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಜನ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಬರಿಯ ವದಂತಿಗೇ ಹೀಗಾದರೆ, ಸರ್ಕಾರದ ಮುದ್ರೆಯಿರುವ ಪಟ್ಟಿ ಕೈಗೆ ಸಿಕ್ಕಾಗ ಏನಾದೀತು?

ಪಟ್ಟಿಯ ಸರಿಯಾದ ಬಳಕೆಗೆ ದಾರಿ ಈಗಾಗಲೇ ಇದೆ. 2020ರ ಪೋಕ್ಸೊ ನಿಯಮಗಳು ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿಗಳು ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಬೇಕೆಂದು ವಿಧಿಸಿವೆ. ನಮ್ಮ ಮಕ್ಕಳ ಶಾಲೆಯಲ್ಲಿ ಆ ಪರಿಶೀಲನೆ ನಡೆದಿದೆಯೇ ಎಂದು ಕೇಳುವುದು, ಊರಿನ ಗೋಡೆಗೆ ಅಪರಾಧಿಗಳ ಪಟ್ಟಿ ಅಂಟಿಸುವುದಕ್ಕಿಂತ ಹೆಚ್ಚು ಫಲಕಾರಿ. ಜೊತೆಗೆ, ಮನೆಯೊಳಗಿನ ಮಗು ಹೇಳುವ ಮಾತನ್ನು ನಂಬುವುದನ್ನೂ ನಾವು ಕಲಿಯಬೇಕಾಗಿದೆ.