ಬೋರ್ಡಿನ ಮೇಲೆ ಹೆಸರು ಬರೆಯುವ ಲೀಡರ್

ಬೋಧನಾಭ್ಯಾಸಕ್ಕೆ ಹೊಸ ತರಗತಿಗೆ ಹೋದಾಗ ನಾವು ಪ್ರಶಿಕ್ಷಣಾರ್ಥಿಗಳು ಮೊದಲು ಕೇಳುವುದು 'ಇಲ್ಲಿ ಲೀಡರ್ ಯಾರು?' ಎಂದು. ಒಂದು ಮಗು ಎದ್ದು ನಿಲ್ಲುತ್ತದೆ. ಅದಕ್ಕೆ ಸಾಮಾನ್ಯವಾಗಿ ಮೂರು ಕೆಲಸ: ಹಾಜರಿ ಪುಸ್ತಕ ತರುವುದು, ಚಾಕ್‌ಪೀಸ್ ತರುವುದು, ಟೀಚರ್ ಇಲ್ಲದಾಗ ಮಾತನಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು. ಕಂಕನಾಡಿ ಸುತ್ತಮುತ್ತ ನಾನು ಪಾಠ ಮಾಡಿದ ತರಗತಿಗಳಲ್ಲಿ ಈ ಮೂರನೆಯ ಕೆಲಸಕ್ಕೇ ಹೆಚ್ಚು ಗೌರವ. ಅದನ್ನು ನಾವು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ನಾಯಕತ್ವ ಎಂದರೇನು ಎಂದು ಮಗು ಮೊದಲು ಕಲಿಯುವುದು ಅಲ್ಲಿಯೇ, ಕಲಿಯುವುದೋ ಕಾವಲುಗಾರನ ಕೆಲಸ.

ನಾಯಕತ್ವದ ಶೈಲಿಗಳು ಎಂಬ ಪ್ರಶ್ನೆಗೆ ನಾವೆಲ್ಲ ಪರೀಕ್ಷೆಯಲ್ಲಿ ಸರ್ವಾಧಿಕಾರಿ, ಪ್ರಜಾಸತ್ತಾತ್ಮಕ, ನಿರ್ಲಿಪ್ತ ಎಂದು ಕೋಷ್ಟಕ ಬರೆಯುತ್ತೇವೆ. ಅದರ ಹಿಂದಿರುವುದು ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ಲಿಪಿಟ್ ಮತ್ತು ವೈಟ್ ನಡೆಸಿ 1939ರಲ್ಲಿ ಪ್ರಕಟಿಸಿದ ಅಧ್ಯಯನ. ಸುಮಾರು ಹತ್ತು ವರ್ಷದ ಹುಡುಗರ ಗುಂಪುಗಳು ಮುಖವಾಡ ತಯಾರಿಕೆಯಂಥ ಕೈಕೆಲಸ ಮಾಡುತ್ತಿದ್ದವು. ಸರ್ವಾಧಿಕಾರಿ ನಾಯಕನ ಎದುರು ಕೆಲಸ ಚೆನ್ನಾಗಿಯೇ ಸಾಗುತ್ತಿತ್ತು. ನಮ್ಮ ಕೋಷ್ಟಕದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಅಂಶ ಮುಂದಿನದು: ಆ ನಾಯಕ ಕೋಣೆಯಿಂದ ಹೊರಗೆ ಹೋದಾಗ ಕೆಲಸ ಕುಸಿಯಿತು. ಪ್ರಜಾಸತ್ತಾತ್ಮಕ ನಾಯಕನ ಗುಂಪಿನಲ್ಲಿ ಅಷ್ಟೇನೂ ಕುಸಿಯಲಿಲ್ಲ. ಇಡೀ ಅಧ್ಯಯನದಲ್ಲಿ ಶಿಕ್ಷಕನಾಗುವವನಿಗೆ ಬೇಕಾದ ಸಂಗತಿ ಇದೊಂದೇ ಎಂದರೂ ತಪ್ಪಲ್ಲ.

ಹಾಗೆಂದು ಆಜ್ಞೆಯೇ ಕೆಟ್ಟದ್ದಲ್ಲ. ಕಂಕನಾಡಿ ವೃತ್ತದಲ್ಲಿ ಬಸ್ಸು, ರಿಕ್ಷಾ, ಆಂಬುಲೆನ್ಸ್ ಒಟ್ಟಿಗೆ ಸಿಕ್ಕಿಕೊಂಡಾಗ ಟ್ರಾಫಿಕ್ ಪೊಲೀಸ್ ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ, ಕೇಳಬಾರದು. ಪ್ರಯೋಗಾಲಯದಲ್ಲಿ ಸ್ಪಿರಿಟ್ ದೀಪ ಮಗುಚಿದರೆ ನಾನೂ ಗದರಿಯೇ ಹೇಳುತ್ತೇನೆ. ಆದರೆ ನಲವತ್ತು ನಿಮಿಷದ ಸಮಾಜ ಪಾಠ ತುರ್ತುಸ್ಥಿತಿಯಲ್ಲ.

ಪ್ರಜಾಸತ್ತೆ ಎಂದರೆ ಕೈ ಎತ್ತಿಸಿ ಬಹುಮತ ನೋಡುವುದು ಎಂಬುದೂ ಅರ್ಧ ತಿಳಿವಳಿಕೆಯೇ. ಇದಕ್ಕೆ ದೂರ ಹೋಗಬೇಕಿಲ್ಲ. ಈ ನಗರದ ಪುರಭವನಕ್ಕೆ ಯಾರ ಹೆಸರಿದೆ ಎಂದು ನೋಡಿದರೆ ಸಾಕು. ಕುದ್ಮುಲ್ ರಂಗರಾಯರು (1859–1928) ಮಂಗಳೂರಿನಲ್ಲಿ ವಕೀಲರಾಗಿದ್ದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅಂದಿನ ಮಂಗಳೂರಿನ ಪ್ರತಿಷ್ಠಿತರಲ್ಲಿ ಮತಕ್ಕೆ ಹಾಕಿದ್ದರೆ ಆ ಶಾಲೆ ತೆರೆಯುತ್ತಲೇ ಇರಲಿಲ್ಲ. ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಅವರು ಸಹಿಸಿದರು. ಅವರನ್ನು ಕೋಷ್ಟಕದ ಯಾವ ಮನೆಯಲ್ಲಿ ಕೂರಿಸುತ್ತೀರಿ? ಬಹುಮತಕ್ಕೆ ಮಣಿಯದವರು ಎಂದು ಸರ್ವಾಧಿಕಾರಿ ಎನ್ನಲಾದೀತೇ? ಅವರು ಬರಿಯ ಅಕ್ಷರ ಕಲಿಸಿ ಸುಮ್ಮನಾಗಲಿಲ್ಲ. ಮಧ್ಯಾಹ್ನದ ಊಟ, ಕೈಕಸುಬು, ವಾಸಕ್ಕೆ ಜಾಗ, ಹೀಗೆ ಆ ಮಕ್ಕಳೂ ಅವರ ಮನೆಯವರೂ ಯಾರ ಹಂಗೂ ಇಲ್ಲದೆ ನಿಲ್ಲಲು ಬೇಕಾದುದನ್ನೆಲ್ಲ ಯೋಚಿಸಿದರು. ಕೊನೆಯ ವರ್ಷಗಳಲ್ಲಿ ಮಿಷನ್ನನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. ಕಟ್ಟಿದ್ದನ್ನು ಬಿಟ್ಟುಕೊಡುವುದು ಕಟ್ಟುವುದಕ್ಕಿಂತ ಕಷ್ಟ. ನಮ್ಮ ಊರಿನ ಸಂಘಸಂಸ್ಥೆಗಳ ಅಧ್ಯಕ್ಷರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ!

ಯಕ್ಷಗಾನದ ಭಾಗವತರೂ ನೆನಪಾಗುತ್ತಾರೆ. ಪ್ರಸಂಗದ ಓಟವೆಲ್ಲ ಅವರ ಜಾಗಟೆಯಲ್ಲಿದ್ದರೂ ಅರ್ಥ ಹೇಳುವುದು ವೇಷಧಾರಿ. ಪದ ಮುಗಿದ ಮೇಲೆ ಮಾತು ಅವನದು.

ಶಾಲೆಗಳಲ್ಲಿ ಇದಕ್ಕೆ ಜಾಗವಿಲ್ಲದೆ ಇಲ್ಲ. ಜೂನ್ ಬಂತೆಂದರೆ ಶಾಲಾ ಸಂಸತ್ತಿನ ಚುನಾವಣೆ, ಮೊಬೈಲಿನಲ್ಲೇ ಮತಯಂತ್ರ, ಪ್ರಮಾಣವಚನ. ಆಮೇಲೆ ವರ್ಷವಿಡೀ ನಿಜವಾಗಿ ಖಾತೆ ನಡೆಸುವುದು ಹೆಚ್ಚಾಗಿ ನೀರಾವರಿ ಮಂತ್ರಿ ಒಬ್ಬನೇ. ಬಸಳೆ ಚಪ್ಪರಕ್ಕೆ ನೀರು ಬೀಳದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಉಳಿದ ಮಂತ್ರಿಗಳಿಗೂ ಅಂಥದೇ ಕಣ್ಣಿಗೆ ಕಾಣುವ ಕೆಲಸ ಬೇಕು. ತರಗತಿ ನಾಯಕತ್ವ ಎರಡು ವಾರಕ್ಕೊಮ್ಮೆ ಬದಲಾಗಲಿ, ಹಿಂದಿನ ಬೆಂಚಿನವರಿಗೂ ಬರಲಿ. ಟೀಚರ್ ಇಲ್ಲದ ಹತ್ತು ನಿಮಿಷಕ್ಕೆ ಲೀಡರ್ ಕೈಗೆ ಚಾಕ್‌ಪೀಸಿನ ಬದಲು ಒಂದು ಕೆಲಸ ಕೊಟ್ಟುಹೋಗೋಣ: ನಕ್ಷೆಯಲ್ಲಿ ನದಿ ಗುರುತಿಸುವ ಆಟವೋ, ಪಾಠದ ಮೇಲೆ ಪ್ರಶ್ನೆ ತಯಾರಿಸುವುದೋ. ಗಲಾಟೆ ಆಗುತ್ತದೆ. ಆಗಲಿ, ಅದು ಕೆಲಸದ ಗಲಾಟೆ.

ತೊಡಕಿರುವುದು ನಮ್ಮ ವೀಕ್ಷಣಾ ಪಟ್ಟಿಯಲ್ಲಿ. 'ತರಗತಿ ನಿಯಂತ್ರಣ' ಎಂಬ ಸಾಲಿನ ಎದುರು ಅಂಕ ಬೀಳುವುದು ಮಕ್ಕಳು ಎಷ್ಟು ಸುಮ್ಮನಿದ್ದರು ಎಂಬುದಕ್ಕೆ. ಹಾಗಾಗಿ ಹಿಂದೆ ವೀಕ್ಷಕರು ಕುಳಿತಾಗ ನಮ್ಮಲ್ಲಿ ಎಷ್ಟೋ ಮಂದಿ ಲೆವಿನ್ನನ ಮೊದಲ ಬಗೆಯ ನಾಯಕರಾಗಿಬಿಡುತ್ತೇವೆ. ಮಾರ್ಗದರ್ಶಕರಲ್ಲಿ ನನ್ನ ವಿನಂತಿ ಇಷ್ಟೇ: ಪಾಠ ಮುಗಿದ ಮೇಲೆ ನಮ್ಮನ್ನು ಹೊರಗೆ ಕಳುಹಿಸಿ, ನೀವು ಇನ್ನೈದು ನಿಮಿಷ ಹಿಂದಿನ ಬೆಂಚಿನಲ್ಲೇ ಕುಳಿತಿರಿ. ಆಗ ಕಂಡದ್ದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಇರಲಿ.