ಜೊಂಗಾಕ್ಕೆ ಹೊಸ ಮೈ ಬೇಕೆ?

ತೆಲುಗಿನವರು ‘ತುಪ್ಪು ಪಟ್ಟಿಂದಿ’ ಎಂದರೆ ನಾವು ‘ತುಕ್ಕು ಹಿಡಿಯಿತು’ ಎನ್ನುತ್ತೇವೆ. ಎರಡರಲ್ಲೂ ಅದು ಹಿಡಿಯುವಂಥದ್ದು; ಮುಚ್ಚಿದರೆ ಬಿಡುವುದಿಲ್ಲ.

ವಿಶಾಖಪಟ್ಟಣದ ಉಪ್ಪುಗಾಳಿಯಲ್ಲಿ ಸೇನೆಯ ಹಳೆಯ ಜೊಂಗಾ ಗಾಡಿಯನ್ನು ಮನೆಯಲ್ಲೇ ದುರಸ್ತಿ ಮಾಡುವವರಿಗೆ ಎರಡು ಸುಲಭದ ದಾರಿಗಳಿವೆ: ತೂತಿಗೆ ಪುಟ್ಟಿ ಮೆತ್ತುವುದು, ಇಲ್ಲವೇ ವಿಜಯವಾಡದ ಆಟೋನಗರಕ್ಕೆ ಒಯ್ದು ಇಡೀ ಮೈಯನ್ನೇ ಹೊಸದಾಗಿ ಕಟ್ಟಿಸುವುದು. ಎರಡೂ ಬೇಡ. ಪುಟ್ಟಿಯಡಿ ತುಕ್ಕು ಉಬ್ಬಿ ಬಣ್ಣವನ್ನೇ ಎಬ್ಬಿಸುತ್ತದೆ. ಹೊಸ ಮೈಯಲ್ಲಿ ಹಳೆಯ ಗಾಡಿ ಉಳಿಯುವುದಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಗಾಡಿಗೆ ಆಲಿವ್ ಹಸಿರು ಬಳಿಯುವಂತಿಲ್ಲ. ಬಣ್ಣ ಹೋದ ಮೇಲೆ ಸೇನೆಯ ಗುರುತಾಗಿ ಉಳಿಯುವುದು ಜಬಲ್ಪುರದ ಕಾರ್ಖಾನೆಯ ಆ ತಗಡು ಮಾತ್ರ. ಕೊಳೆತಷ್ಟನ್ನೇ ಕತ್ತರಿಸಿ, ಅದೇ ದಪ್ಪದ ತುಂಡು ಬೆಸೆದು, ಅಂದೇ ಪ್ರೈಮರ್ ಹಚ್ಚಿ. ಬೆಸುಗೆಯ ಗೆರೆ ಕಂಡರೆ ಕಾಣಲಿ.