ಪದ ಹೇಳಿದೋರ ಹೆಸರು ಎಲ್ಲಿ?

ಅಕ್ಕಂದಿರೇ, ಮದುವೆಮನೆಲಿ ಅತ್ತೆ ಹೇಳಿದ ಶೋಭಾನೆಯ ನಿಂಗೊ ಮೊಬೈಲಿಲ್ಲಿ ರೆಕಾರ್ಡು ಮಾಡ್ತಿ, ಹತ್ತು ಜೆನಕ್ಕೆ ಕಳ್ಸುತ್ತಿ. ಸಂತೋಷ. ಆದರೆ ಅದರ ಒತ್ತಿರೆ ‘ಅನ್‌ನೋನ್ ಆರ್ಟಿಸ್ಟ್’ ಹೇಳಿ ಬತ್ತು! ಊರಿನ ಎಲ್ಲ ಮದುವೆಲಿ ಪದ ಹೇಳಿದ ಅತ್ತೆ ಗುರ್ತ ಇಲ್ಲದ್ದೋರೋ?

‘ಫೈಲಿಂಗೆ ಹೆಸರು ಕೊಟ್ಟಿದೆನ್ನೆ’ ಹೇಳ್ತವು ಕೆಲವು ಜೆನ. ಅದು ಸಾಲ. ಹೆಚ್ಚಿನ ಪ್ಲೇಯರುಗೊ ಓದುದು ಹೊರಾಣ ಹೆಸರಿನ ಅಲ್ಲ, ಒಳ ಇಪ್ಪ ಟ್ಯಾಗಿನ. ಎಂಪಿ3 ಆದರೆ ಅದಕ್ಕೆ ಐಡಿ3 ಹೇಳಿ ಹೆಸರು. ಟೈಟಲ್, ಆರ್ಟಿಸ್ಟ್, ಕಂಪೋಸರ್ ಎಲ್ಲದಕ್ಕೂ ಬೇರೆ ಬೇರೆ ಜಾಗೆ ಇದ್ದು. ಟ್ಯಾಗ್ ಎಡಿಟರ್ ಆ್ಯಪಿಲ್ಲಿ ತೆಗದು ಕನ್ನಡಲ್ಲೇ ಬರವಲಕ್ಕು. ಪುರಂದರದಾಸರ ಪದ ಆದರೆ ಕಂಪೋಸರಿಲ್ಲಿ ದಾಸರು, ಆರ್ಟಿಸ್ಟಿಲ್ಲಿ ಅತ್ತೆ. ಡೌನ್‌ಲೋಡ್ ಮಾಡಿದ ಪದಲ್ಲಿ ಆ ಜಾಗೆಲಿ ಯಾವದೋ ವೆಬ್‌ಸೈಟು ಕೂದಿರ್ತು, ಉದ್ದಿ ಬಿಡಿ.

ಪುರ್ಸೊತ್ತಿಲ್ಲೆ ಹೇಳ್ಲಾಗ. ಮೆಡಿ ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟುಸುಲೆ ಪುರ್ಸೊತ್ತಿದ್ದು! ಹೆಮ್ಮಕ್ಕಳ ಪದಕ್ಕೆ ಹೆಸರು ಹಾಕುವ ಕ್ರಮ ನಮ್ಮಲ್ಲಿ ಮದಲೇ ಇಲ್ಲೆ. (ಭಾಗವತರ ಹೆಸರು ಮಾಂತ್ರ ತಪ್ಪುತ್ತಿಲ್ಲೆ, ನೋಡಿ.) ಫೋನಿಲ್ಲಿ ಜಾಗೆ ಮಾಡಿ ಮಡುಗಿದ್ದವು, ಅದನ್ನೂ ಖಾಲಿ ಬಿಟ್ರೆ ನಾಳೆ ಪುಳ್ಳಿಯಕ್ಕೊ ಆರ ಕೇಳುದು? ಕಳ್ಸುವ ಮದಲೇ ಬರೆರಿ, ಟ್ಯಾಗು ಫೈಲಿನೊಟ್ಟಿಂಗೇ ಹೋಪದು. ಅತ್ತೆ ಆರತ್ರೆ ಕಲ್ತದು ಹೇಳಿಯೂ ಕೇಳಿ, ಕಮೆಂಟಿನ ಜಾಗೆಲಿ ಬರದು ಮಡುಗಿ.